ಸ್ಪೀಕರ್ ಆರು, ಶಬ್ದ ಎರಡರಲ್ಲೇ ಯಾಕೆ?

ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ 5.1 ಸೆಟ್ಟನ್ನು ಮನೆಗೆ ತಂದು ಕಂಪ್ಯೂಟರಿಗೆ ಜೋಡಿಸುತ್ತೀರಿ. ಮುಂದಿನ ಎರಡು ಸ್ಪೀಕರ್ ಮಾತ್ರ ಕೇಳಿಸುತ್ತವೆ. ಸೆಟ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ತಪ್ಪು ಹೆಚ್ಚಾಗಿ ತಂತಿ ಜೋಡಣೆಯಲ್ಲಿರುತ್ತದೆ.

ಸೌಂಡ್ ಕಾರ್ಡಿನಿಂದ ಹೊರಡುವ ಒಂದು 3.5 ಮಿ.ಮೀ. ಪಿನ್ ಎರಡು ಧ್ವನಿಗಳನ್ನಷ್ಟೇ ಸಾಗಿಸುತ್ತದೆ: ಎಡ ಮತ್ತು ಬಲ. ಆರು ಧ್ವನಿಗಳಿಗೆ ಇಂತಹ ಮೂರು ತಂತಿ ಬೇಕು.

ಬಣ್ಣ ನೋಡಿ ಜೋಡಿಸಿ

ಕಂಪ್ಯೂಟರಿನ ಹಿಂಬದಿಯಲ್ಲಿ ಆರು ತೂತುಗಳಿದ್ದರೆ ಸಾಮಾನ್ಯವಾಗಿ ಹಸಿರು ಮುಂದಿನ ಸ್ಪೀಕರಿಗೆ, ಕಪ್ಪು ಹಿಂದಿನದಕ್ಕೆ, ಕಿತ್ತಳೆ ಮಧ್ಯದ ಸ್ಪೀಕರ್ ಹಾಗೂ ಸಬ್‌ವೂಫರಿಗೆ. ಗುಲಾಬಿ ಮೈಕಿನದು. ಮೂರೇ ತೂತುಗಳಿದ್ದರೆ ಅನೇಕ ಮದರ್‌ಬೋರ್ಡ್‌ಗಳಲ್ಲಿ ನೀಲಿಯನ್ನು ಹಿಂದಿನ ಸ್ಪೀಕರಿಗೂ ಗುಲಾಬಿಯನ್ನು ಮಧ್ಯದ ಸ್ಪೀಕರಿಗೂ ಬಳಸಬಹುದು. ಆಡಿಯೋ ಸಾಫ್ಟ್‌ವೇರಿನಲ್ಲಿ ಹಾಗೆಂದು ಸೂಚಿಸಬೇಕು. ಒಂದೇ ತೂತಿರುವ ಲ್ಯಾಪ್‌ಟಾಪ್‌ಗೆ 5.1 ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕಾಗುತ್ತದೆ.

ತಂತಿ ಹಾಕಿದರಷ್ಟೇ ಸಾಲದು. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲಿನಲ್ಲಿ ಸೌಂಡ್ ತೆರೆಯಿರಿ. ಪ್ಲೇಬ್ಯಾಕ್‌ನಲ್ಲಿ ನಿಮ್ಮ ಸ್ಪೀಕರನ್ನು ಆರಿಸಿ, ಕಾನ್ಫಿಗರ್ ಒತ್ತಿ, 5.1 ಆಯ್ಕೆ ಮಾಡಿ. ಅಲ್ಲಿಯೇ ಇರುವ ಟೆಸ್ಟ್ ಗುಂಡಿ ಒತ್ತಿದರೆ ಒಂದೊಂದೇ ಸ್ಪೀಕರ್ ಸದ್ದು ಮಾಡುತ್ತದೆ. ಮಧ್ಯದ ಸ್ಪೀಕರಿನ ಸದ್ದು ಸಬ್‌ವೂಫರಿನಿಂದ ಬಂದರೆ ಆ ಎರಡು ಪಿನ್‌ಗಳನ್ನು ಅದಲುಬದಲು ಮಾಡಿ. ಇನ್ನೊಂದು ಮಾತು: ಹಾಡು ಎರಡೇ ಧ್ವನಿಗಳಲ್ಲಿ ಮುದ್ರಿತವಾಗಿದ್ದರೆ ಹಿಂದಿನ ಸ್ಪೀಕರ್‌ಗಳು ಸುಮ್ಮನಿರುವುದು ದೋಷವಲ್ಲ.

ಕೊಳ್ಳುವ ಮುನ್ನ

ಡಬ್ಬದ ಮೇಲೆ 5.1 ಎಂದಿದ್ದರೆ ಸಾಕೆಂದು ಹಣ ಕೊಡಬೇಡಿ. ಸೆಟ್ಟಿನ ಹಿಂಬದಿ ನೋಡಿ. ಕೆಂಪು-ಬಿಳಿಯ ಒಂದೇ ಜೋಡಿ ಇದ್ದರೆ ಆ ದಾರಿಯಲ್ಲಿ ಕಂಪ್ಯೂಟರಿನಿಂದ ಎರಡೇ ಧ್ವನಿಗಳು ಹೋಗುತ್ತವೆ. ಉಳಿದ ಸ್ಪೀಕರ್‌ಗಳು ಅವನ್ನೇ ಹಂಚಿಕೊಳ್ಳುತ್ತವೆ. ಆಪ್ಟಿಕಲ್ ತಂತಿಯಲ್ಲೂ ಮಿತಿಯಿದೆ. ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿದ್ದರೆ ಮಾತ್ರ ಅದರಲ್ಲಿ ಆರು ಧ್ವನಿಗಳು ಸಾಗುತ್ತವೆ, ಇಲ್ಲವಾದರೆ ಎರಡೇ. ರಿಸೀವರ್ ಇರುವವರಿಗೆ ಎಚ್‌ಡಿಎಂಐ ಸುಲಭದ ದಾರಿ. ಒಂದೇ ತಂತಿಯಲ್ಲಿ ಎಂಟು ಧ್ವನಿಗಳ ತನಕ ಹೋಗುತ್ತವೆ.

ಮನೆಮಂದಿಯ ಗಮನಕ್ಕೆ

ತಂತಿಗಳನ್ನು ಗೋಡೆಯಂಚಿಗೆ ಒತ್ತಿ ಕಟ್ಟಿ. ನಡುದಾರಿಯಲ್ಲಿದ್ದರೆ ಹಿರಿಯರು ಎಡವುತ್ತಾರೆ, ಮಕ್ಕಳು ಎಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಾರಕ್ಕೆ 40 ಗಂಟೆ ಕೇಳುವುದಾದರೆ ದೊಡ್ಡವರಿಗೆ 80, ಮಕ್ಕಳಿಗೆ 75 ಡೆಸಿಬೆಲ್ ಮಿತಿ. ಸಬ್‌ವೂಫರಿನ ಗುಡುಗಂತೂ ಗೋಡೆ ದಾಟಿ ಹೋಗುತ್ತದೆ. ಭಾರತದ 2000ದ ಶಬ್ದ ಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕದ ಮಿತಿ 45 ಡೆಸಿಬೆಲ್. ಪಕ್ಕದ ಮನೆಯಲ್ಲಿ ಮಗುವೋ ರೋಗಿಯೋ ಮಲಗಿರಬಹುದು. ರಾತ್ರಿ ಸಬ್‌ವೂಫರ್ ತಗ್ಗಿಸಿಡುವ ರೂಢಿಯನ್ನು ಮಕ್ಕಳಿಗೂ ಕಲಿಸಿ.