ಕೆಬೆಕ್ ಪ್ರಾಂತವೂ ಅದರ ಜನರೂ

ಕೆನಡಾ ದೇಶದ ಹತ್ತು ಪ್ರಾಂತಗಳಲ್ಲಿ ವಿಸ್ತೀರ್ಣದಿಂದ ಮೊದಲನೆಯದಾದ ಪ್ರಾಂತವನ್ನು ನಾವು ಇಂಗ್ಲಿಷಿನ ಮೂಲಕ ಅರಿತವರಾದ್ದರಿಂದ ‘ಕ್ವಿಬೆಕ್’ ಎಂದು ಬರೆಯುವುದು ರೂಢಿಯಾಗಿದೆ. ಅಲ್ಲಿಯ ಬಹುಜನರ ಬಾಯಲ್ಲಿ ಅದು ‘ಕೆಬೆಕ್’. ವಾಸ್ತವವಾಗಿ ಆ ಹೆಸರು ಇಂಗ್ಲಿಷೂ ಅಲ್ಲ, ಫ್ರೆಂಚೂ ಅಲ್ಲ; ಅಲ್ಗಾಂಕಿಯನ್ ವರ್ಗಕ್ಕೆ ಸೇರಿದ ಮೂಲನಿವಾಸಿಗಳ ನುಡಿಯಲ್ಲಿ ‘ನದಿ ಕಿರಿದಾಗುವ ಎಡೆ’ ಎಂಬುದು ಅದರ ಅರ್ಥ. ಸಮುದ್ರದಂತೆ ಹರಡಿ ಹರಿಯುವ ಸೇಂಟ್ ಲಾರೆನ್ಸ್ ಮಹಾನದಿಯು ಬಂಡೆಗಳ ನಡುವೆ ಇರುಕಾಗುವ ಸ್ಥಳದಲ್ಲಿ 1608ರಲ್ಲಿ ಸಾಮ್ಯುಯೆಲ್ ದ ಶಾಂಪ್ಲೇನನು ಒಂದು ನೆಲೆಯನ್ನು ಕಟ್ಟಿದನು. ಊರಿನ ಹೆಸರೇ ಮುಂದೆ ನಾಡಿನ ಹೆಸರಾಯಿತು. ಹದಿನೈದು ಲಕ್ಷ ಚದರ ಕಿಲೋಮೀಟರಿಗೂ ಮೀರಿದ, ಎಂದರೆ ಭಾರತದ ಅರ್ಧಕ್ಕೆ ಸಮೀಪವಾದ ಈ ಭೂಭಾಗದಲ್ಲಿ 2021ರ ಜನಗಣತಿಯಂತೆ 85 ಲಕ್ಷ ಜನರಿದ್ದಾರೆ. ಅವರಲ್ಲಿ ಬಹುಪಾಲು ದಕ್ಷಿಣದ ನದೀತೀರದ ಪಟ್ಟಿಯಲ್ಲಿ ಒತ್ತಾಗಿ ನೆಲೆಸಿದ್ದಾರೆ. ಸುಮಾರು ಮುಕ್ಕಾಲು ಪಾಲು ಜನರ ಮಾತೃಭಾಷೆ ಫ್ರೆಂಚ್.

1763ರಲ್ಲಿ ತಾಯ್ನಾಡಿನಿಂದ ಕಡಿದುಹೋದ ಸುಮಾರು 70 ಸಾವಿರ ಜನರ ಒಂದು ಸಮುದಾಯವು ಇಂಗ್ಲಿಷ್ ಮಾತನಾಡುವ ಭೂಖಂಡವೊಂದರ ನಡುವೆ ಇಂದಿಗೂ ಫ್ರೆಂಚಾಗಿಯೇ ಉಳಿದಿದೆ. ಇದಕ್ಕೆ ಅವರ ಭಾಷಾಭಿಮಾನವೇ ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಉತ್ತರ ಸುಳ್ಳಲ್ಲವಾದರೂ ಅಸಮಗ್ರವೆಂದು ನಮ್ಮ ಅಭಿಪ್ರಾಯ. ಸುಮಾರು ಎರಡು ಶತಮಾನಗಳ ಕಾಲ ಅಲ್ಲಿ ಭಾಷೆಯನ್ನು ಕಾಪಾಡಿದ್ದು ಭೂಮಿ, ನ್ಯಾಯ, ಇಗರ್ಜಿ ಮತ್ತು ತೊಟ್ಟಿಲು. 1960ರ ತರುವಾಯ ಇವುಗಳಲ್ಲಿ ಹೆಚ್ಚಿನವು ಒಂದೇ ತಲೆಮಾರಿನಲ್ಲಿ ಸಡಿಲಗೊಂಡುವು. ಅದುವರೆಗೆ ಇವು ಹೊತ್ತಿದ್ದ ಭಾರವನ್ನೆಲ್ಲ ಭಾಷೆಯೊಂದೇ ಹೊರಬೇಕಾಯಿತು. ಈ ಎರಡು ಘಟ್ಟಗಳನ್ನು ಬೇರ್ಪಡಿಸಿ ನೋಡದಿದ್ದರೆ ಆ ಜನರ ಇಂದಿನ ಕಳವಳ ನಮಗೆ ಅರ್ಥವಾಗಲಾರದು.

ಮೊದಲು ಭೂಮಿಯ ವಿಚಾರ. ಸೇಂಟ್ ಲಾರೆನ್ಸ್ ತೀರದ ಮೇಲೆ ವಿಮಾನದಲ್ಲಿ ಹೋಗುವವರಿಗೆ ಹೊಲಗಳು ಚೌಕಗಳಾಗಿ ಕಾಣುವುದಿಲ್ಲ. ನದಿಗೆ ಲಂಬವಾಗಿ ಸಾಲಾಗಿ ಹಾಸಿದ ನೀಳವಾದ ಪಟ್ಟಿಗಳಂತೆ ಕಾಣುತ್ತವೆ. ಫ್ರೆಂಚ್ ಆಳ್ವಿಕೆಯಲ್ಲಿ ಜಹಗೀರುದಾರನು ಒಕ್ಕಲಿಗೆ ಕೊಡುತ್ತಿದ್ದ ಹಿಡುವಳಿಯ ಸಾಮಾನ್ಯ ಅಳತೆ ಮೂರು ಆರ್ಪಾಂ ಅಗಲ, ಮೂವತ್ತು ಆರ್ಪಾಂ ಉದ್ದ. ನಮ್ಮ ಲೆಕ್ಕದಲ್ಲಿ ಸುಮಾರು 175 ಮೀಟರು ಅಗಲ, ಒಂದು ಮುಕ್ಕಾಲು ಕಿಲೋಮೀಟರು ಉದ್ದ. ರಸ್ತೆಗಳಿಲ್ಲದ ಕಾಲದಲ್ಲಿ ನದಿಯೇ ರಾಜಮಾರ್ಗ. ಆದುದರಿಂದ ಪ್ರತಿಯೊಬ್ಬನಿಗೂ ನೀರಿನ ಅಂಚು ಬೇಕಾಗಿತ್ತು. ಮನೆಗಳೆಲ್ಲ ಪಟ್ಟಿಯ ತುದಿಯಲ್ಲಿ, ಕೂಗಿದರೆ ನೆರೆಯವನಿಗೆ ಕೇಳುವಷ್ಟು ಹತ್ತಿರದಲ್ಲಿ ಎದ್ದುವು. ಅದು ನಮ್ಮಲ್ಲಿಯಂತೆ ಗುಂಪಾದ ಹಳ್ಳಿಯಲ್ಲ, ಅಮೆರಿಕದ ಬಯಲುಗಳಲ್ಲಿಯಂತೆ ಒಂಟಿ ಬೇಸಾಯದ ಮನೆಯೂ ಅಲ್ಲ. ತೀರ ತುಂಬಿದ ಮೇಲೆ ಅದರ ಹಿಂದೆ ಎರಡನೆಯ ಸಾಲು, ಅದರ ಹಿಂದೆ ಮೂರನೆಯದು. ಜಹಗೀರು ಪದ್ಧತಿಯು 1854ರಲ್ಲಿ ರದ್ದಾಯಿತಾದರೂ ಗೆರೆಗಳು ಅಳಿಯಲಿಲ್ಲ. ಇಂಥ ಸಾಲಿನಲ್ಲಿ ಪರಭಾಷಿಕನಾದ ಹೊಸಬನು ನಡುವೆ ಬಂದು ನೆಲಸುವುದು ಸುಲಭವಾಗಿರಲಿಲ್ಲ.

ಆ ಸಾಲುಗಳಲ್ಲಿ ನೆಲಸಿದವರಾದರೂ ಎಷ್ಟು ಜನ? ಫ್ರೆಂಚ್ ಆಳ್ವಿಕೆಯ ಒಂದೂವರೆ ಶತಮಾನದಲ್ಲಿ ಬಂದು ಸ್ಥಿರವಾಗಿ ನಿಂತವರು ಸ್ಥೂಲವಾಗಿ ಹತ್ತು ಸಾವಿರ ಮಾತ್ರ. 1663ರಿಂದ 1673ರವರೆಗೆ ಹದಿನಾಲ್ಕನೆಯ ಲೂಯಿಯ ವೆಚ್ಚದಲ್ಲಿ ಬಂದ, ‘ರಾಜನ ಹೆಣ್ಣುಮಕ್ಕಳು’ ಎಂದು ಹೆಸರಾದ ಸುಮಾರು 800 ಜನ ಸ್ತ್ರೀಯರೂ ಅವರಲ್ಲಿ ಸೇರಿದ್ದಾರೆ. ನಾರ್ಮಂಡಿ, ಪ್ವಾತೂ, ಪ್ಯಾರಿಸ್ ಮೊದಲಾದ ಬೇರೆ ಬೇರೆ ಸೀಮೆಗಳ ಈ ಜನ ಒಂದೆಡೆ ಬೆರೆತುದರಿಂದ ಒಂದು ಸಮಾನವಾದ ಫ್ರೆಂಚ್ ಅಲ್ಲಿ ಬೇಗನೆ ಬಳಕೆಗೆ ಬಂದಿತು. ಫ್ರಾನ್ಸಿನ ಹಳ್ಳಿಗಳಲ್ಲಿ ಆಗಿನ್ನೂ ಪ್ರಾದೇಶಿಕ ನುಡಿಗಳೇ ಪ್ರಬಲವಾಗಿದ್ದುವು ಎಂಬುದನ್ನು ನೆನೆದರೆ, ಕೆಬೆಕ್ ಫ್ರೆಂಚನ್ನು ‘ಕೆಟ್ಟ ಫ್ರೆಂಚ್’ ಎನ್ನುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

1759ರಲ್ಲಿ ಕೆಬೆಕ್ ನಗರವೂ ಮರುವರ್ಷ ಮಾಂಟ್ರಿಯಲ್ ನಗರವೂ ಬ್ರಿಟಿಷರ ವಶವಾದುವು. 1763ರ ಪ್ಯಾರಿಸ್ ಒಪ್ಪಂದದಿಂದ ಫ್ರಾನ್ಸು ಆ ನಾಡಿನ ಮೇಲಣ ಹಕ್ಕನ್ನು ಬಿಟ್ಟುಕೊಟ್ಟಿತು. ಅಧಿಕಾರಿಗಳಲ್ಲಿಯೂ ವರ್ತಕರಲ್ಲಿಯೂ ಅನೇಕರು ಹಡಗು ಹತ್ತಿದರು. ಪಾದ್ರಿಗಳೂ ಒಕ್ಕಲುಗಳೂ ಉಳಿದರು. ದಕ್ಷಿಣದ ವಸಾಹತುಗಳಲ್ಲಿ ಬಂಡಾಯದ ಸೂಚನೆ ಕಾಣತೊಡಗಿದ್ದುದರಿಂದ 1774ರ ಕೆಬೆಕ್ ಶಾಸನವು ಕ್ಯಾಥೊಲಿಕ್ ಮತಕ್ಕೂ ಫ್ರೆಂಚ್ ಸಿವಿಲ್ ನ್ಯಾಯಕ್ಕೂ ಮನ್ನಣೆ ಕೊಟ್ಟಿತು. ಈ ಎರಡನೆಯದರ ಮಹತ್ತ್ವವನ್ನು ನಾವು ಕಡಿಮೆಯಾಗಿ ಎಣಿಸಬಾರದು. ಮದುವೆಯ ಕರಾರು, ಭೂಮಿಯ ಕ್ರಯ, ಮರಣಶಾಸನ ಎಲ್ಲವನ್ನೂ ನೋಟರಿಯು ಹಳೆಯ ಫ್ರೆಂಚ್ ಪದ್ಧತಿಯಂತೆ ಬರೆಯುವುದು ಮುಂದುವರಿಯಿತು. 1866ರಲ್ಲಿ ಈ ನ್ಯಾಯವು ಸಂಹಿತೆಯ ರೂಪ ಪಡೆಯಿತು. 1994ರಲ್ಲಿ ಹೊಸ ಸಂಹಿತೆ ಜಾರಿಗೆ ಬಂದರೂ ಪರಂಪರೆ ಅದೇ.

ಇಗರ್ಜಿಯು ಪ್ರತಿ ಜನನ, ವಿವಾಹ, ಮರಣವನ್ನೂ ಬರೆದಿಟ್ಟಿತು. ಈ ದಾಖಲೆಗಳು ಎಷ್ಟು ಪೂರ್ಣವಾಗಿವೆಯೆಂದರೆ ಅವುಗಳ ಆಧಾರದಿಂದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಸಂಶೋಧಕರು ಹಳೆಯ ವಸಾಹತಿನ ಕುಟುಂಬಗಳನ್ನು ತಲೆಮಾರು ತಲೆಮಾರಾಗಿ ಪುನಾರಚಿಸಿದ್ದಾರೆ. ಫ್ರಾನ್ಸಿನಿಂದ ಹೊಸ ವಲಸೆ ನಿಂತುಹೋಗಿದ್ದರೂ ವಿಜಯದ ತರುವಾಯದ ಒಂದು ಶತಮಾನದೊಳಗೆ ಜನಸಂಖ್ಯೆ ಹೆಚ್ಚು ಕಡಮೆ ಹತ್ತುಪಟ್ಟಾಯಿತು. ‘ತೊಟ್ಟಿಲುಗಳ ಸೇಡು’ ಎಂದು ಮುಂದೆ ಇದಕ್ಕೆ ಹೆಸರು ಬಂತು. ಸೇಡಿನ ವೆಚ್ಚವನ್ನು ತೆತ್ತವರು ತಾಯಂದಿರು ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಕೆನಡಾ ಒಕ್ಕೂಟದ ಚುನಾವಣೆಗಳಲ್ಲಿ 1918ರಲ್ಲಿಯೇ ದೊರೆತ ಮತದಾನದ ಹಕ್ಕು ಪ್ರಾಂತದ ಚುನಾವಣೆಗಳಲ್ಲಿ ಈ ಸ್ತ್ರೀಯರಿಗೆ ದೊರೆತುದು 1940ರಲ್ಲಿ.

ಲಾರ್ಡ್ ಡರ್‌ಹ್ಯಾಂ 1839ರ ತನ್ನ ವರದಿಯಲ್ಲಿ ಈ ಜನರಿಗೆ ಇತಿಹಾಸವೂ ಸಾಹಿತ್ಯವೂ ಇಲ್ಲವೆಂದೂ ಅವರು ಇಂಗ್ಲಿಷರಲ್ಲಿ ಲೀನವಾಗುವುದೇ ಅವರಿಗೆ ಹಿತವೆಂದೂ ಅಭಿಪ್ರಾಯಪಟ್ಟನು. ಫ್ರಾಂಸ್ವಾ ಗ್ಸಾವಿಯೇ ಗಾರ್ನೊ ಬರೆದ ಕೆನಡಾ ಇತಿಹಾಸದ ಮೊದಲ ಸಂಪುಟ 1845ರಲ್ಲಿ ಹೊರಬಂತು. ಆದರೆ ಒಕ್ಕಲು ಪುಸ್ತಕಗಳಿಂದ ಉಳಿಯಲಿಲ್ಲ ಎಂಬುದಕ್ಕೆ ಅದೇ ಶತಮಾನದಲ್ಲಿ ಒಂದು ಸಾಕ್ಷ್ಯ ದೊರೆಯುತ್ತದೆ. ಹೊಲದ ಪಟ್ಟಿಗಳನ್ನು ಮತ್ತೆ ಹಂಚಲಾಗದೆ 1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಜನರು ಗಡಿ ದಾಟಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಹೋದರು. ಅವರಲ್ಲಿ ಬಹುಮಂದಿ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳನ್ನು ಸೇರಿದರು. ಅವರೂ ತಮ್ಮ ಪಾದ್ರಿಗಳನ್ನು ಕರೆಸಿಕೊಂಡರು, ಇಗರ್ಜಿ ಕಟ್ಟಿದರು, ಫ್ರೆಂಚ್ ಶಾಲೆಗಳನ್ನು ನಡೆಸಿದರು. ಅಭಿಮಾನಕ್ಕೇನೂ ಕೊರತೆಯಿರಲಿಲ್ಲ. ಆದರೂ ಕೆಲವೇ ತಲೆಮಾರುಗಳಲ್ಲಿ ಅವರ ವಂಶಜರಲ್ಲಿ ಬಹುಮಂದಿ ಇಂಗ್ಲಿಷಿಗೆ ತಿರುಗಿದರು. ಅವರ ಬಳಿ ಇಲ್ಲದಿದ್ದುದು ನದೀತೀರದ ಸಾಲು ಮತ್ತು ತಮ್ಮದೇ ಆದ ನ್ಯಾಯ.

ಇಪ್ಪತ್ತನೆಯ ಶತಮಾನದಲ್ಲಿ ಒಕ್ಕಲುಗಳು ಮಾಂಟ್ರಿಯಲಿನ ಕಾರ್ಖಾನೆಗಳತ್ತ ಹೊರಟಂತೆ ಪ್ರಾಂತದೊಳಗೂ ಹಳೆಯ ಕಟ್ಟು ಸಡಿಲವಾಯಿತು. ಗಾಬ್ರಿಯೆಲ್ ರ್ವಾ 1945ರಲ್ಲಿ ಪ್ರಕಟಿಸಿದ ‘ಬೊನರ್ ದೊಕಾಸಿಯೊಂ’ ಕಾದಂಬರಿಯು ಆ ನಗರದ ಸ್ಯಾಂತಾನ್ರಿ ಬಡಾವಣೆಯ ಬಡತನವನ್ನು ಚಿತ್ರಿಸುತ್ತದೆ. ಅಲ್ಲಿ ಧಣಿಯ ಭಾಷೆ ಇಂಗ್ಲಿಷ್, ಕೂಲಿಯ ಭಾಷೆ ಫ್ರೆಂಚ್. 1963ರಲ್ಲಿ ಕೆನಡಾ ಸರ್ಕಾರ ನೇಮಿಸಿದ ದ್ವಿಭಾಷಾ ಆಯೋಗವು ಕೆಬೆಕಿನಲ್ಲಿಯೇ ಫ್ರೆಂಚ್ ಮೂಲದವರ ಆದಾಯ ಇತರ ಮೂಲದವರೊಡನೆ ಹೋಲಿಸಿದಾಗ ಬಹುಮಟ್ಟಿಗೆ ಕೆಳಗಿನ ಸ್ಥಾನದಲ್ಲಿದೆಯೆಂದು ತೋರಿಸಿತು. ಅಷ್ಟರಲ್ಲಿ 1960ರ ಚುನಾವಣೆಯಲ್ಲಿ ಜಾನ್ ಲೆಸಾಜ್ ನಾಯಕತ್ವದ ಲಿಬರಲ್ ಪಕ್ಷ ಗೆದ್ದು, ‘ಶಾಂತ ಕ್ರಾಂತಿ’ ಎಂದು ಪ್ರಸಿದ್ಧವಾದ ಬದಲಾವಣೆಗಳು ಆರಂಭವಾಗಿದ್ದುವು. ಖಾಸಗಿ ವಿದ್ಯುತ್ ಕಂಪನಿಗಳು ಪ್ರಾಂತದ ಒಡೆತನಕ್ಕೆ ಬಂದುವು. 1964ರಲ್ಲಿ ಶಿಕ್ಷಣ ಸಚಿವಾಲಯ ಏರ್ಪಟ್ಟು ಶಾಲೆಗಳು ಪಾದ್ರಿಗಳ ಕೈಯಿಂದ ಜಾರತೊಡಗಿದುವು. ತಾಯಿಯೊಬ್ಬಳಿಗೆ ಸರಾಸರಿ ನಾಲ್ಕಕ್ಕೆ ಸಮೀಪವಿದ್ದ ಮಕ್ಕಳ ಸಂಖ್ಯೆ 1970ರ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಇಗರ್ಜಿಗಳು ಬರಿದಾದುವು. ಪೂಜಾಪಾತ್ರೆ, ಪ್ರಸಾದದ ಪೆಟ್ಟಿಗೆ ಮುಂತಾದ ಪವಿತ್ರ ವಸ್ತುಗಳ ಹೆಸರುಗಳು ಆ ಜನರ ಬಾಯಲ್ಲಿ ಇಂದಿಗೂ ಬೈಗುಳಗಳಾಗಿ ಉಳಿದಿವೆ. ಸಿಟ್ಟು ಬಂದಾಗ ‘ತಾಬರ್ನಾಕ್’ ಎನ್ನುವ ಯುವಕನು ಪೂಜೆಗೆ ಹೋಗಿರಬೇಕೆಂದಿಲ್ಲ.

ಈ ಕಾಲದಲ್ಲಿಯೇ ಜನರ ಹೆಸರೂ ಬದಲಾಯಿತು. ‘ಫ್ರೆಂಚ್ ಕೆನಡಿಯನ್’ ಎಂಬುದು ಹಿಂದೆ ಸರಿದು ‘ಕೆಬೆಕ್ವಾ’ ಎಂಬುದು ಮುಂದೆ ಬಂತು. ಮೊದಲನೆಯದು ರಕ್ತಕ್ಕೂ ಮತಕ್ಕೂ ಅಂಟಿದ್ದರೆ ಎರಡನೆಯದು ನೆಲಕ್ಕೆ ಅಂಟಿದುದು. ಇದರಿಂದ ಆಂಟೇರಿಯೊ ಮೊದಲಾದ ಇತರ ಪ್ರಾಂತಗಳ ಫ್ರೆಂಚ್ ಭಾಷಿಕರು ಹೊರಗುಳಿದರು. ಬದಲಿಗೆ ಹೊರಗಿನಿಂದ ಬಂದವನು ಒಳಗೆ ಸೇರಲು ಬಾಗಿಲು ತೆರೆಯಿತು. ಆ ಬಾಗಿಲಿನ ಕೀಲಿ ಯಾವುದು ಎಂಬುದೇ ಮುಂದಿನ ವಿವಾದಗಳ ಮೂಲ. ಮಾಂಟ್ರಿಯಲಿಗೆ ಬಂದ ಇಟಲಿ ಮೊದಲಾದ ದೇಶಗಳ ವಲಸೆಗಾರರು ತಮ್ಮ ಮಕ್ಕಳನ್ನು ಹೆಚ್ಚಾಗಿ ಇಂಗ್ಲಿಷ್ ಶಾಲೆಗಳಿಗೆ ಕಳುಹಿಸುತ್ತಿದ್ದರು. 1968ರ ಸುಮಾರಿನಲ್ಲಿ ಸ್ಯಾಂ ಲೆಯೊನಾರಿನಲ್ಲಿ ಈ ಬಗ್ಗೆ ಗಲಭೆಯೇ ಆಯಿತು. 1976ರಲ್ಲಿ ರೆನೇ ಲೆವೆಕ್ ಅವರ ಪಾರ್ತಿ ಕೆಬೆಕ್ವಾ ಅಧಿಕಾರಕ್ಕೆ ಬಂದು, ಮರುವರ್ಷ ಫ್ರೆಂಚ್ ಭಾಷಾ ಸನ್ನದನ್ನು ಅಂಗೀಕರಿಸಿತು. ಅದರಂತೆ ವಲಸೆಗಾರರ ಮಕ್ಕಳು ಫ್ರೆಂಚ್ ಶಾಲೆಗೇ ಹೋಗಬೇಕು. ಅಂಗಡಿಯ ಫಲಕ ಫ್ರೆಂಚಿನಲ್ಲಿಯೇ ಇರಬೇಕು. ಫಲಕದ ವಿಧಿಯನ್ನು 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. 1993ರ ತಿದ್ದುಪಡಿಯಿಂದ, ಫ್ರೆಂಚ್ ಪ್ರಧಾನವಾಗಿದ್ದರೆ ಇತರ ಭಾಷೆಗಳೂ ಇರಬಹುದೆಂದಾಯಿತು. 2022ರಲ್ಲಿ ಸನ್ನದನ್ನು ಮತ್ತೆ ಬಿಗಿಗೊಳಿಸಲಾಯಿತು. ನಡುವೆ ಪ್ರತ್ಯೇಕ ರಾಷ್ಟ್ರದ ಪ್ರಶ್ನೆಯನ್ನು ಜನರ ಮುಂದೆ ಎರಡು ಬಾರಿ ಇಟ್ಟರು. 1980ರಲ್ಲಿ ಸುಮಾರು ನೂರಕ್ಕೆ 60 ಮಂದಿ ಬೇಡವೆಂದರು, 1995ರಲ್ಲಿ ಹಾಗೆಂದವರು ನೂರಕ್ಕೆ 50.58 ಮಾತ್ರ.

ಇಷ್ಟು ಕಾವಲಿರುವ ಭಾಷೆಯು ದಿನನಿತ್ಯದಲ್ಲಿ ಹೇಗಿದೆಯೆಂಬ ಕುತೂಹಲ ಸಹಜ. ಫ್ರಾನ್ಸಿನ ರಸ್ತೆಗಳಲ್ಲಿ ‘ಸ್ಟಾಪ್’ ಎಂದಿರುವ ಫಲಕ ಕೆಬೆಕಿನಲ್ಲಿ ಸಾಮಾನ್ಯವಾಗಿ ‘ಅರೆ’ ಎಂದಿರುತ್ತದೆ. ಪ್ಯಾರಿಸಿನವರು ‘ವೀಕೆಂಡ್’ ಎನ್ನುವಲ್ಲಿ ಇವರು ‘ವಾರದ ಕೊನೆ’ ಎಂಬರ್ಥದ ಫ್ರೆಂಚ್ ಮಾತನ್ನೇ ಬಳಸುತ್ತಾರೆ. ಇಮೇಲಿಗೆ ‘ಕುರಿಯೆಲ್’ ಎಂಬ ಪದವನ್ನು ಹರಡಿದವರು ಇವರು. ‘ದಿನೇ’ ಎಂದರೆ ಪ್ಯಾರಿಸಿನಲ್ಲಿ ರಾತ್ರಿಯೂಟ, ಇಲ್ಲಿ ಹಳೆಯ ರೂಢಿಯಂತೆ ಮಧ್ಯಾಹ್ನದೂಟ. ಮಾಂಟ್ರಿಯಲಿನ ಕೂಲಿಗೇರಿಗಳ ಆಡುಮಾತನ್ನು ‘ಜುವಾಲ್’ ಎಂದು ಕರೆದು ಉಪಾಧ್ಯಾಯರು ನಾಚುತ್ತಿದ್ದರು. 1968ರಲ್ಲಿ ಮಿಶೆಲ್ ತ್ರಾಂಬ್ಲೇ ಅವರ ‘ಲೆ ಬೆಲ್ ಸರ್’ ನಾಟಕವು ಅದೇ ಮಾತಿನಲ್ಲಿ ರಂಗಕ್ಕೇರಿತು. ಹಲವರು ಸಿಡಿಮಿಡಿಗೊಂಡರೂ ಅಲ್ಲಿಂದ ಮುಂದೆ ಸಾಹಿತ್ಯಕ್ಕೆ ಆ ಮಾತು ನಿಷಿದ್ಧವಾಗಿ ಉಳಿಯಲಿಲ್ಲ.

ಕನ್ನಡ ಓದುಗರಿಗೆ ಈ ಕಥೆ ಪರಿಚಿತವೆನಿಸಬಹುದು. ಹಾಗೆನಿಸುವಲ್ಲಿಯೇ ಎಚ್ಚರ ಅಗತ್ಯ. ಕೆಬೆಕಿನಲ್ಲಿ ಫ್ರೆಂಚರು ನೆಲದ ಮೊದಲಿಗರಲ್ಲ. ಹತ್ತು ಮೂಲನಿವಾಸಿ ಜನಾಂಗಗಳೂ ಇನುಯಿಟ್ ಜನರೂ ಅಲ್ಲಿದ್ದಾರೆ. ಜಲವಿದ್ಯುತ್ತಿಗಾಗಿ ಉತ್ತರದ ನದಿಗಳನ್ನು ತಡೆಯಲು ಹೊರಟಾಗ ಕ್ರೀ ಮತ್ತು ಇನುಯಿಟ್ ಜನರು ನ್ಯಾಯಾಲಯಕ್ಕೆ ಹೋದರು. 1975ರ ಜೇಮ್ಸ್ ಕೊಲ್ಲಿ ಒಪ್ಪಂದದಿಂದ ಪರಿಹಾರವನ್ನೂ ತಮ್ಮ ಶಾಲೆಗಳ ಆಡಳಿತವನ್ನೂ ಪಡೆದರು. 1990ರಲ್ಲಿ ಓಕಾ ಎಂಬಲ್ಲಿ ತಮ್ಮ ಹಿರಿಯರ ಸಮಾಧಿಗಳಿದ್ದ ತೋಪಿನತ್ತ ಗಾಲ್ಫ್ ಮೈದಾನವನ್ನು ಹಿಗ್ಗಿಸುವ ಯೋಜನೆಯನ್ನು ಮೋಹಾಕರು 78 ದಿನ ಅಡ್ಡಗಟ್ಟಿ ನಿಂತರು. ಉತ್ತರದ ಇನುಯಿಟ್ ಊರುಗಳಲ್ಲಿ ಇನುಕ್ಟಿಟುಟ್ ಇಂದಿಗೂ ಮನೆಮಾತು. ಅಲ್ಪಸಂಖ್ಯಾತ ಭಾಷೆಯ ಹಕ್ಕನ್ನು ಒಟ್ಟಾವದ ಮುಂದೆ ಸಾಧಿಸುವ ಸರ್ಕಾರದ ಮುಂದೆ, ಅದೇ ವಾದವನ್ನು ಅದಕ್ಕಿಂತಲೂ ಸಣ್ಣ ಭಾಷೆಗಳ ಜನರು ಇಡುತ್ತಾರೆ.

ಇತ್ತ ಸನ್ನದಿನ ಫ್ರೆಂಚ್ ಶಾಲೆಗಳಲ್ಲಿ ಹೈಟಿ, ಅಲ್ಜೀರಿಯ, ಮೊರಾಕ್ಕೊ, ಲೆಬನಾನ್, ವಿಯಟ್ನಾಂ ದೇಶಗಳಿಂದ ಬಂದವರ ಮಕ್ಕಳು ಬೆಳೆದಿದ್ದಾರೆ. 1976ರಲ್ಲಿ ಹೈಟಿಯಿಂದ ಮಾಂಟ್ರಿಯಲಿಗೆ ಬಂದ ಡಾನಿ ಲಾಫೆರಿಯೇರ್ 2013ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ಸೈಗಾನಿನಲ್ಲಿ ಹುಟ್ಟಿದ ಕಿಮ್ ಥ್ವಿ 2009ರಲ್ಲಿ ತಮ್ಮ ಮೊದಲ ಕಾದಂಬರಿ ‘ರು’ವನ್ನು ಫ್ರೆಂಚಿನಲ್ಲಿ ಪ್ರಕಟಿಸಿದರು. ನದೀತೀರದ ಸಾಲಿನಲ್ಲಿ ಇವರ ಹಿರಿಯರ ಪಟ್ಟಿಯಿಲ್ಲ, ಇಗರ್ಜಿಯ ಹಳೆಯ ದಾಖಲೆಯಲ್ಲಿ ಹೆಸರಿಲ್ಲ. ಇಂದಿನ ಕೆಬೆಕ್ ಸಾಹಿತ್ಯದ ಪಾಠಪಟ್ಟಿಯಿಂದ ಇವರನ್ನು ಬಿಡಲು ಮಾತ್ರ ಬರುವುದಿಲ್ಲ.