ಗೋಡೆಗೆ ಐವರಿಯೋ, ಕ್ರೀಮೋ?

ಐವರಿ, ಕ್ರೀಮ್.
ಶೇಡ್ ಕಾರ್ಡಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.
ಗೋಡೆಗೆ ಬಳಿದ ಮೇಲೆ ಬೇರೆಬೇರೆ ಕಾಣುವುದು ಯಾಕೆ?

ಎರಡಕ್ಕೂ ಬುಡ ಬಿಳಿಯೇ.
ವ್ಯತ್ಯಾಸ ಇರುವುದು ಬೆರೆಸಿದ ಹಳದಿಯಲ್ಲಿ.
ಐವರಿ ಕಾಯಿಸಿದ ಹಾಲಾದರೆ,
ಕ್ರೀಮ್ ಅದರ ಮೇಲೆ ಕಟ್ಟಿದ ದಪ್ಪ ಕೆನೆ.

ಅಂಗೈಯಗಲದ ಕಾರ್ಡಿನಲ್ಲಿ
ಈ ಹಳದಿ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.
ನಾಲ್ಕೂ ಗೋಡೆಗೆ ಬಳಿದಾಗ,
ಒಂದು ಗೋಡೆಯ ಬೆಳಕು ಇನ್ನೊಂದಕ್ಕೆ ಬಡಿದು
ಬಣ್ಣ ಗಾಢವಾಗುತ್ತದೆ.
ಕ್ರೀಮ್‌ನಲ್ಲಿ ಇದು ಎದ್ದು ಕಾಣುತ್ತದೆ.

ಇನ್ನು, ಕಿಟಕಿ ಯಾವ ದಿಕ್ಕಿಗಿದೆ?
ಉತ್ತರದ ಕಿಟಕಿಯಿಂದ ಬರುವುದು
ಹೆಚ್ಚಾಗಿ ಆಕಾಶದ ಬೆಳಕು. ಅದರಲ್ಲಿ ನೀಲಿ ಜಾಸ್ತಿ.
ಅಲ್ಲಿ ಐವರಿ ಸಪ್ಪೆ, ಕ್ರೀಮ್ ಹಿತ.
ಪಶ್ಚಿಮದ ಕೋಣೆಯಲ್ಲಿ, ಸಂಜೆ ಬಿಸಿಲಿಗೆ,
ಅದೇ ಕ್ರೀಮ್ ತೀರಾ ಹಳದಿ.

ರಾತ್ರಿಯ ಆಟವೆಲ್ಲ ಬಲ್ಬಿನದು.
2700 ಕೆಲ್ವಿನ್‌ನ ವಾರ್ಮ್ ಬಲ್ಬು ಹಳದಿಯನ್ನು ಎತ್ತಿ ತೋರಿಸುತ್ತದೆ.
6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟು ಅದನ್ನು ಅಡಗಿಸುತ್ತದೆ.
ನೆಲ ರೆಡ್ ಆಕ್ಸೈಡ್ ಆಗಿದ್ದರಂತೂ
ಗೋಡೆಯ ಕೆಳಭಾಗಕ್ಕೆ ಕೆಂಪು ಛಾಯೆ ಬೇರೆ!

ಆದ್ದರಿಂದ ಕಾರ್ಡು ನೋಡಿ ತೀರ್ಮಾನಿಸುವುದು ಜೂಜು.
ಎರಡೂ ಬಣ್ಣ ಸ್ವಲ್ಪ ತಂದು,
ಗೋಡೆಯ ಮೇಲೆ ಎರಡಡಿ ಅಗಲಕ್ಕೆ, ಎರಡು ಕೋಟ್ ಬಳಿಯಬೇಕು.
ಹಸಿ ಎಮಲ್ಷನ್ನಿನ ಬಣ್ಣ ನಂಬುವಂಥದ್ದಲ್ಲ,
ಪೂರ್ತಿ ಒಣಗಬೇಕು.
ಎರಡರ ನಡುವೆ ಅಂತರವೂ ಬೇಕು.
ಒತ್ತಿಕೊಂಡಿದ್ದರೆ, ಕ್ರೀಮ್ ಪಕ್ಕದ ಐವರಿ
ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ.
ಬೆಳಗ್ಗೆ, ಸಂಜೆ, ದೀಪ ಹಚ್ಚಿದ ಮೇಲೆ,
ಮೂರು ಹೊತ್ತೂ ನೋಡಿದರೆ ಆಯ್ಕೆ ಸುಲಭ.

ಆಮೇಲೂ ಗೊಂದಲ ಉಳಿದರೆ,
ಐವರಿಯೇ ಕ್ಷೇಮ.