ನಿಮಗಿದು ಗೊತ್ತೆ? ದೋಣಿ ಮೋಟರ್ ಮುನಿಸಿಕೊಂಡರೆ…

ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಮೋಟರನ್ನು ಜನಪ್ರಿಯಗೊಳಿಸಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಓಲೆ ಎವಿನ್‌ರೂಡ್. ಅವನ ಮೋಟರ್ ತಯಾರಾದದ್ದು 1909ರಲ್ಲಿ.

ಹಳೆಯ ಟೂ-ಸ್ಟ್ರೋಕ್ ಮೋಟರ್ ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗದಿದ್ದರೆ ತಕ್ಷಣ ಸ್ಪ್ಯಾನರ್ ಹಿಡಿಯಬೇಡಿ. ಇಂಧನ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಪುಟ್ಟ ತಿರುಪು ಇರುತ್ತದೆ. ಅದನ್ನು ಸಡಿಲಿಸಲು ಮರೆತರೆ ಇಂಧನ ಸರಾಗವಾಗಿ ಹರಿಯದು. ಸುರಕ್ಷತಾ ಕ್ಲಿಪ್ ಇರುವ ಮಾದರಿಯಾದರೆ ಅದು ಕಳಚಿದೆಯೇ ನೋಡಿ. ಕಳಚಿದ್ದರೆ ಕಿಡಿಯೇ ಹುಟ್ಟದು. ಇಂಧನ ಪೈಪಿನ ನಡುವಿನ ರಬ್ಬರ್ ಬಲ್ಬ್ ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಸೇರುತ್ತಿದೆ ಎಂದೇ ಅನುಮಾನಿಸಬೇಕು.

ನಿಜವಾದ ಸಾಕ್ಷಿ ಹೇಳುವುದು ಸ್ಪಾರ್ಕ್ ಪ್ಲಗ್. ಹಗ್ಗ ಎಳೆದ ಮೇಲೆ ಬಿಚ್ಚಿ ನೋಡಿ: ಒಣಗಿದ್ದರೆ ಇಂಧನ ತಲುಪುತ್ತಿಲ್ಲ; ಒದ್ದೆಯಾಗಿದ್ದರೆ ಕಿಡಿ ಇಲ್ಲ ಅಥವಾ ಇಂಧನ ಅತಿಯಾಗಿ ನುಗ್ಗಿದೆ. ತಿಂಗಳುಗಟ್ಟಲೆ ನಿಂತ ಮೋಟರಿನಲ್ಲಿ ಹಳಸಿದ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುವುದೂ ಉಂಟು.

ಸೀಮೆಎಣ್ಣೆಯಲ್ಲಿ ಓಡುವ ನಮ್ಮ ಕರಾವಳಿಯ ನಾಡದೋಣಿಗಳದ್ದು ಇನ್ನೊಂದು ಕಥೆ. ತಣ್ಣಗಿರುವಾಗ ಸೀಮೆಎಣ್ಣೆ ಸುಲಭವಾಗಿ ಆವಿಯಾಗದು. ಹಾಗಾಗಿ ಸೀಮೆಎಣ್ಣೆ ಮೋಟರನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸದಿದ್ದರೆ ಮರುದಿನ ಬೆಳಗ್ಗೆ ತೋಳಿಗೆ ಕೆಲಸ ಖಚಿತ!

ರಿಪೇರಿಯಾಯಿತೆಂದು ದಡದಲ್ಲೇ ನೀರಿಲ್ಲದೆ ಓಡಿಸಿ ನೋಡಬೇಡಿ. ಮೋಟರನ್ನು ತಂಪಾಗಿಡುವ ನೀರನ್ನು ಎತ್ತುವ ಪಂಪಿನ ರಬ್ಬರ್ ಚಕ್ರ ಬೇಗನೆ ಹಾಳಾಗುತ್ತದೆ.